ಗೆರೆ ಎಳೆಯದ ಡಿಸ್ಕು

ನನಗೊಂದು ಕೆಟ್ಟ ಚಟವಿದೆ, ನಿಮ್ಮ ಮುಂದೆ ಮುಚ್ಚಿಡುವುದೇಕೆ? ಹೆಂಡತಿ ಅಡುಗೆಮನೆಯಿಂದ "ಸಕ್ಕರಿ ಇಲ್ಲ" ಎಂದು ಕೂಗಿದರೆ, ಚೀಲ ಹಿಡಿದು ಅಂಗಡಿಗೆ ಓಡುವ ಬದಲು "ಯಾವ ನಮೂನಿ ಇಲ್ಲ?" ಎಂದು ಕೇಳುತ್ತೇನೆ. ತಂದದ್ದು ತೀರಿಹೋಯಿತೋ, ಇನ್ನೂ ತಂದೇ ಇಲ್ಲವೋ, ಇದ್ದ ಡಬ್ಬಿಯೇ ಕಣ್ಣಿಗೆ ಬೀಳುತ್ತಿಲ್ಲವೋ? "ನಿಮ್ಮ ತರ್ಕಾನೇ ಹಾಕ್ಕೊಂಡು ಚಹಾ ಕುಡೀರಿ" ಎಂದು ಆಕೆ ಒಲೆ ಆರಿಸಿ ಹೊರಗೆ ಹೋಗಿಬಿಡುತ್ತಾಳೆ. ಮದುವೆಯಾದಾಗಿನಿಂದ ನಾನು ಕುಡಿದ ಸಪ್ಪೆ ಚಹಾಗಳಿಗೆಲ್ಲ ಈ ಒಂದು ಪ್ರಶ್ನೆಯೇ ಕಾರಣ.

ಇದು ಅಪ್ಪ ಅಂಟಿಸಿದ ರೋಗ. ಸೇಡಂನಲ್ಲಿ ದೇವರ ಪೂಜೆ ಮಾಡಿಕೊಂಡಿದ್ದ ಅವರಿಗೆ ತರ್ಕಶಾಸ್ತ್ರದ ಹುಚ್ಚು. ಏಕಾದಶಿಯ ದಿನ ಹೊಟ್ಟೆ ಖಾಲಿಯಾದಾಗ ಆ ಹುಚ್ಚು ಇನ್ನಷ್ಟು ಏರುತ್ತಿತ್ತು. ನಮ್ಮನ್ನು ಎದುರಿಗೆ ಕೂರಿಸಿಕೊಂಡು, ಇಲ್ಲ ಎನ್ನುವುದರಲ್ಲಿ ಎಷ್ಟು ಬಗೆ ಹೇಳಿ ಎನ್ನುತ್ತಿದ್ದರು. ಕುಂಬಾರ ಮಾಡುವ ಮುನ್ನ ಮಡಕೆ ಇಲ್ಲ, ಅದು ಪ್ರಾಗಭಾವ. ಒಡೆದ ಮೇಲೆ ಮಡಕೆ ಇಲ್ಲ, ಅದು ಪ್ರಧ್ವಂಸಾಭಾವ. ಗಾಳಿಗೆ ಬಣ್ಣ ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ, ಅದು ಅತ್ಯಂತಾಭಾವ. ನಾಲ್ಕನೆಯದೂ ಒಂದಿದೆ, ಅದನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಹಸಿದು ಕೂತ ನನಗೆ ಅವಲಕ್ಕಿಯ ಅಭಾವವೊಂದೇ ಕಾಣುತ್ತಿತ್ತು. ಜಗತ್ತಿನಲ್ಲಿ ಇದಕ್ಕಿಂತ ಕೆಲಸಕ್ಕೆ ಬಾರದ ವಿದ್ಯೆ ಇನ್ನೊಂದಿರಲಾರದು ಎಂದುಕೊಂಡು ನಾನು ಕಂಪ್ಯೂಟರ್ ಕಲಿತೆ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿಯೂ ಸಿಕ್ಕಿತು.

ಅಲ್ಲಿಯ ಕಂಪ್ಯೂಟರ್ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ಬಾಗಿಲಲ್ಲೇ ಚಪ್ಪಲಿ ಬಿಟ್ಟುಬಿಟ್ಟೆ. ನಾನು ಕಲಿತದ್ದು ಮೇಜಿನ ಮೇಲೆ ಕೂರುವ ಪಿಸಿ. ಇಲ್ಲಿ ಬಟ್ಟೆಯ ಕಪಾಟಿನಷ್ಟು ಎತ್ತರದ ಕರಿಯ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಲೆಕ್ಕ ಮಾಡುವುದು ಒಂದು, ಟೇಪು ತಿರುಗಿಸುವುದು ಇನ್ನೊಂದು, ಮತ್ತೊಂದರ ಹೊಟ್ಟೆಯ ತುಂಬ ಡಿಸ್ಕುಗಳು. ಎಲ್ಲ ಸೇರಿ ಮೇನ್‌ಫ್ರೇಮ್. ಹೊರಗೆ ಮೇ ತಿಂಗಳ ಬಿಸಿಲು ತಲೆ ಸುಡುತ್ತಿದ್ದರೆ ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ತಂಪು, ಎಡೆಬಿಡದೆ ಗುಂಯ್ ಎನ್ನುವ ಸದ್ದು. ಅಪ್ಪನ ಗುಡಿಯ ಗರ್ಭಗುಡಿಗೆ ಹೋದಾಗಲೂ ನನಗೆ ಅಷ್ಟು ಭಯಭಕ್ತಿ ಬಂದಿರಲಿಲ್ಲ, ದೇವರು ಕ್ಷಮಿಸಲಿ. ಕಾರ್ಖಾನೆಯ ಪ್ರತಿಯೊಬ್ಬನ ಪಗಾರವೂ ಈ ಪೆಟ್ಟಿಗೆಗಳ ಒಳಗಿನಿಂದ ಹೊರಬರುತ್ತದೆ ಎಂದು ತಿಳಿದ ಮೇಲೆ ಕೈ ತಾನಾಗಿಯೇ ಮುಗಿಯಿತು.

ಆ ಕೋಣೆಯ ಒಡತಿ ಸುಮಿತ್ರಾಬಾಯಿ. ಹುದ್ದೆಯಲ್ಲಿ ಆಪರೇಟರ್, ದರ್ಬಾರಿನಲ್ಲಿ ಜನರಲ್ ಮ್ಯಾನೇಜರ್. ಶಹಾಬಾದ ಪಕ್ಕದ ಭಂಕೂರಿನವರು. ಅವರಪ್ಪ ಕಲ್ಲಿನ ಗಣಿಯಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಕಡಿಯುತ್ತಿದ್ದವರು. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಮಾಡಿ, ಅವರ ಓಣಿಯಲ್ಲಿ ಮೇಜು ಕುರ್ಚಿಯ ನೌಕರಿ ಹಿಡಿದ ಮೊದಲ ಹೆಣ್ಣಾದರು. ಮೇಜಿನ ಗಾಜಿನ ಕೆಳಗೆ ಒಂದು ಪುಟ್ಟ ಬುದ್ಧನ ಪಟ, ನಾಲಿಗೆಯ ಮೇಲೆ ಸದಾ ಒಂದು ಬೈಗುಳ. ಗಂಡ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ, ಇಬ್ಬರು ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿದ್ದರು. ಕೋಣೆಯ ಶುಚಿಯ ವಿಷಯದಲ್ಲಿ ಸುಮಿತ್ರಾಬಾಯಿಯವರ ಮುಂದೆ ನಮ್ಮಮ್ಮನ ಮಡಿಯೂ ಸಡಿಲವೇ. "ಆಚಾರ್ರ, ಅಲ್ಲೇ ನಿಂದರ್ರಿ, ಕಾಲು ಒರಸ್ಕೊಂಡು ಒಳಗ ಬರ್ರಿ" ಎಂದು ದಿನಾ ಬಾಗಿಲಲ್ಲೇ ನನ್ನನ್ನು ತಡೆಯುತ್ತಿದ್ದರು.

ಅವರನ್ನು ದೂರುವಂತಿಲ್ಲ. ವಾಡಿಯಲ್ಲಿ ಧೂಳು ಎಂದರೆ ಬರೀ ಧೂಳಲ್ಲ, ಎಲ್ಲ ಪ್ರಶ್ನೆಗಳಿಗೂ ಅದೇ ಉತ್ತರ. ಟಿವಿಯಲ್ಲಿ ಚಿತ್ರ ಬರುತ್ತಿಲ್ಲವೇ, ಧೂಳು. ಸ್ಕೂಟರ್ ಕಿಕ್ ಹತ್ತುತ್ತಿಲ್ಲವೇ, ಧೂಳು. ಮಾವನಿಗೆ ಕೆಮ್ಮು ಧೂಳಿನಿಂದ, ಅಳಿಯನಿಗೆ ಸಿಟ್ಟು ಧೂಳಿನಿಂದ. ನಮ್ಮ ಕ್ವಾರ್ಟರ್ಸಿನಲ್ಲಿ ಒಬ್ಬರು ಮಗ ಗಣಿತದಲ್ಲಿ ನಪಾಸಾದದ್ದಕ್ಕೂ ಧೂಳನ್ನೇ ಹಿಡಿದು ಬೈದದ್ದನ್ನು ನಾನೇ ಕೇಳಿದ್ದೇನೆ. ಒಗೆದ ಬಿಳಿ ಅಂಗಿ ಹಗ್ಗದ ಮೇಲೆ ಒಣಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗುವ ಊರಿನಲ್ಲಿ ಬೇರೆ ಕಾರಣ ಹುಡುಕುವ ಪುರಸೊತ್ತು ಯಾರಿಗಿದೆ ಹೇಳಿ?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಪಗಾರದ ಕೆಲಸವನ್ನೆಲ್ಲ ಹೈದರಾಬಾದಿನ ದೊಡ್ಡ ಕಚೇರಿಗೆ ಒಯ್ಯುತ್ತಾರೆ, ನಮ್ಮ ಮೇನ್‌ಫ್ರೇಮ್ ಗುಜರಿಗೆ ಹೋಗುತ್ತದೆ ಎಂಬ ಸುದ್ದಿ ಬಂತು. ಶಹಾಬಾದಿನಿಂದ ಗುಜರಿಯವನೊಬ್ಬ ಬಂದು ಫರಸಿಯ ಗಟ್ಟಿತನ ನೋಡುವವನ ಹಾಗೆ ಪೆಟ್ಟಿಗೆಗಳನ್ನು ಬೆರಳಲ್ಲಿ ತಟ್ಟಿ ನೋಡಿಕೊಂಡೂ ಹೋದ. ನನಗೆ ಹೇಗೂ ಅಕೌಂಟ್ಸಿನಲ್ಲಿ ಒಂದು ಕುರ್ಚಿ ಕಾದಿತ್ತು. ಸುಮಿತ್ರಾಬಾಯಿಯವರ ಹುದ್ದೆ ಮಾತ್ರ ಮಷೀನಿಗೆ ಕಟ್ಟಿದ ಹುದ್ದೆ. ಮಷೀನ್ ಹೋದರೆ ಅವರು ರಾಜಸ್ಥಾನದ ಕಾರ್ಖಾನೆಗೆ ಹೋಗಬೇಕು, ಇಲ್ಲವೆ ನೌಕರಿ ಬಿಡಬೇಕು. "ಗಂಡ ಮಕ್ಳನ್ನ ಇಲ್ಲಿ ಬಿಟ್ಟು ನಾ ಅಲ್ಲಿ ಹೋಗಿ ಏನ್ ಒಂಟಿ ಮೇಯಸ್ಲಿ?" ಎಂದು ಅವರು ಒಮ್ಮೆ ನಕ್ಕರು. ಆಮೇಲೆ ಆ ದಿನವಿಡೀ ಯಾರನ್ನೂ ಬೈಯಲಿಲ್ಲ. ಅದು ನನಗೆ ಭಾಳ ಹೆದರಿಕೆ ಹುಟ್ಟಿಸಿತು.

ಆಗ ನನಗೆ ಲಿನಕ್ಸ್ ನೆನಪಾಯಿತು. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ಮನೆಯ ಪಿಸಿಗೆ ಅದನ್ನು ಹಾಕಿಕೊಂಡು ಮಹಾ ಪಂಡಿತನಂತೆ ಮೆರೆಯುತ್ತಿದ್ದೆ. ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ಆ ವ್ಯವಸ್ಥೆ ಈಗ ಮೇನ್‌ಫ್ರೇಮ್‌ಗೂ ಬಂದಿದೆ ಎಂದು ಓದಿದ್ದೆ. ನಮ್ಮ ಕಾರ್ಖಾನೆಯ ದೊಡ್ಡ ಸಾಹೇಬರ ಬಳಿ ಹೋಗಿ, ಇದರ ಮೇಲೆ ಲಿನಕ್ಸ್ ಹಾಕಿದರೆ ಗೋದಾಮಿನ ಲೆಕ್ಕ, ತೂಕದ ಲೆಕ್ಕ ಎಲ್ಲವನ್ನೂ ಈ ಒಂದೇ ಮಷೀನ್ ನೋಡಿಕೊಳ್ಳುತ್ತದೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಸಾಹೇಬರು ಉತ್ತರದ ಕಡೆಯವರು, ಮಾತು ಕಡಿಮೆ. ತಾವು ಹೈದರಾಬಾದಿನಿಂದ ವಾಪಸ್ ಬರುವಷ್ಟರಲ್ಲಿ ನಡೆಸಿ ತೋರಿಸಿ, ಇಲ್ಲವಾದರೆ ಗುಜರಿಯವನನ್ನು ಕರೆಸುತ್ತೇನೆ ಎಂದು ರೈಲು ಹತ್ತಿದರು.

ಮಷೀನನ್ನು ಎರಡು ಪಾಲು ಮಾಡಿದೆವು. ಒಂದರಲ್ಲಿ ಹಳೆಯ ಪಗಾರದ ಕೆಲಸ ಎಂದಿನಂತೆ ನಡೆಯುತ್ತಿತ್ತು, ಇನ್ನೊಂದು ಲಿನಕ್ಸಿನ ಪಾಲಿಗೆ. ಅದಕ್ಕಾಗಿಯೇ ಸುಮಿತ್ರಾಬಾಯಿ ಮಷೀನಿನ ಕಂಪನಿಯ ಇಂಜಿನಿಯರನ್ನು ಕರೆಸಿ ಒಂದು ಡಿಸ್ಕು ಖಾಲಿ ಮಾಡಿಸಿ ಇಟ್ಟಿದ್ದರು. ಟೇಪಿನಿಂದ ಲಿನಕ್ಸ್ ಎಬ್ಬಿಸಿದೆ. ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಓಡಿದವು. ಆ ಕರಿಯ ಪೆಟ್ಟಿಗೆ ನನ್ನ ಮನೆಯ ಪಿಸಿಯ ಭಾಷೆಯನ್ನೇ ಮಾತಾಡುವುದನ್ನು ನೋಡಿ ಮೈ ಜುಮ್ಮೆಂದಿತು. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ, ಯಾವ ಡಿಸ್ಕಿನ ಮೇಲೆ ಕೂರಲಿ ಎಂದು ಕೇಳುವ ಪುಟ ಬಂತು. ಅದರಲ್ಲಿ ಡಿಸ್ಕುಗಳ ಪಟ್ಟಿ ಇರಬೇಕಾದ ಕಡೆ ಏನೂ ಇರಲಿಲ್ಲ. ಡಿಸ್ಕೇ ಸಿಗಲಿಲ್ಲ ಎಂದು ಒಂದು ಸಾಲು ಹೇಳಿ ಮಷೀನ್ ಸುಮ್ಮನಾಯಿತು.

"ಧೂಳ್ ಅದ ನೋಡ್ರಿ" ಎಂದರು ಸುಮಿತ್ರಾಬಾಯಿ ತಟ್ಟನೆ. ನನಗೂ ಹಾಗೇ ಅನ್ನಿಸಿತ್ತು.

ಎಲೆಕ್ಟ್ರಿಕಲ್ ವಿಭಾಗದ ಖಾಜಾಭಾಯಿಯನ್ನು ಕರೆಸಿದೆವು. ಕೈಯಲ್ಲಿ ಗಾಳಿ ಊದುವ ಯಂತ್ರ ಹಿಡಿದೇ ಬಂದರು. ಏನು ಕೆಟ್ಟಿದೆ ಎಂದು ಯಾರೂ ಹೇಳಿರಲಿಲ್ಲ, ವಾಡಿಯಲ್ಲಿ ಹೇಳಬೇಕಾಗಿಯೂ ಇಲ್ಲ. ಡಿಸ್ಕಿನ ಪೆಟ್ಟಿಗೆಯ ಬಾಗಿಲು ತೆಗೆದು ಊದಿದರು. ಕೇಬಲ್ಲುಗಳನ್ನು ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದರು. ಎಸಿಯ ಜಾಳಿಗೆ ಬಿಚ್ಚಿ ತೊಳೆದರು. ಪ್ರತಿ ಸಲವೂ ನಾನು ಲಿನಕ್ಸ್ ಎಬ್ಬಿಸುವುದು, ಪ್ರತಿ ಸಲವೂ ಅದು ಡಿಸ್ಕಿಲ್ಲ ಎನ್ನುವುದು. "ಒಳಗ ಇನ್ನಾ ಭಾಳ ಒಳಗ ಹೋಗ್ಯದ್ರಿ ಧೂಳು" ಎಂದು ಖಾಜಾಭಾಯಿ ಮತ್ತೆ ಊದುವುದು. ಹೀಗೆ ದಿನಗಳು ಹೋದವು. ಇಡೀ ವಾಡಿಯಲ್ಲಿ ನಮ್ಮ ಕೋಣೆಯಷ್ಟು ಚೊಕ್ಕಟವಾದ ಜಾಗ ಆಗ ಇನ್ನೊಂದಿರಲಿಲ್ಲ. ಗುಜರಿಯವನು ಫೋನ್ ಮಾಡಿ, ಲಾರಿ ಯಾವಾಗ ತರಲಿ ಎಂದು ಕೇಳಿದ.

ಆ ಫೋನಿನ ಮರುದಿನ ಸುಮಿತ್ರಾಬಾಯಿ ಬಂದು ಕುರ್ಚಿಯ ಮೇಲೆ ಕೂತರು. ಊದುವುದನ್ನು ನಿಲ್ಲಿಸಿ ಎಂದು ಖಾಜಾಭಾಯಿಗೆ ಹೇಳಿದರು. ನನಗೆ, ಇನ್ನೊಂದು ಸಲ ಎಬ್ಬಿಸಿರಿ ಎಂದರು. ನಾನು ಪರದೆ ನೋಡುತ್ತಿದ್ದರೆ ಅವರು ಡಿಸ್ಕಿನ ಪೆಟ್ಟಿಗೆಯ ಪುಟ್ಟ ದೀಪಗಳನ್ನು ನೋಡುತ್ತಿದ್ದರು.

"ಆಚಾರ್ರ, ದೀಪ ಮಿಣುಕಾಕತ್ತದ."

"ಮಿಣುಕಿದರೇನ್ರಿ ಬಾಯಾರ?"

"ಏನ್ರಿ ಅಂದ್ರ? ಅದು ಹೋಗಿ ಡಿಸ್ಕಿನ ಬಾಗ್ಲಾ ಬಡ್ಯಾಕತ್ತದ. ಮನಿನೇ ಇಲ್ಲದಿದ್ರ ಯಾವ ಬಾಗ್ಲಾ ಬಡೀತದ?"

ಇಷ್ಟು ದಿನ ನಾನು ಆ ಖಾಲಿ ಪಟ್ಟಿಯ ಮಾತನ್ನು ವೇದವಾಕ್ಯ ಎಂದು ನಂಬಿದ್ದೆ. ಅದು ಇಲ್ಲ ಅಂದಿತು, ನಾನು ಇಲ್ಲ ಎಂದುಕೊಂಡೆ. ಯಾವ ನಮೂನಿ ಇಲ್ಲ ಎಂದು ಹೆಂಡತಿಯನ್ನು ದಿನಾ ಪೀಡಿಸುವವನು ಆ ಮಷೀನನ್ನು ಒಮ್ಮೆಯೂ ಕೇಳಿರಲಿಲ್ಲ!

ಆ ಪುಟದಿಂದ ಹೊರಬಂದೆ. ಮಷೀನ್ ತನಗೆ ಕಂಡ ಪ್ರತಿ ಡಿಸ್ಕಿನ ಲೆಕ್ಕವನ್ನು ಒಳಗೆಲ್ಲೋ ಬರೆದುಕೊಂಡಿರುತ್ತದೆ, ಅದನ್ನು ತೆಗೆಸಿ ನೋಡಿದೆ. ಹೋಲಿಸಿ ನೋಡೋಣ ಎಂದು ಹಳೆಯ ಪಗಾರದ ಡಿಸ್ಕೊಂದನ್ನೂ ಲಿನಕ್ಸಿಗೆ ತೋರಿಸಿದೆ. ಎರಡು ಸಾಲು ಬಂದವು. ಪಗಾರದ ಡಿಸ್ಕಿನ ನಂಬರು, ಮುಂದೆ ಅದರ ಅಳತೆ. ನಮ್ಮ ಡಿಸ್ಕಿನ ನಂಬರು, ಮುಂದೆ ಅಳತೆಯ ಜಾಗದಲ್ಲಿ 'ಫಾರ್ಮ್ಯಾಟ್ ಆಗಿಲ್ಲ' ಎಂಬ ಮಾತು. ಡಿಸ್ಕು ಇತ್ತು! ಮೊದಲ ದಿನದಿಂದಲೂ ಅಲ್ಲೇ ಇತ್ತು. ಮಷೀನ್ ಅದನ್ನು ಕಂಡಿತ್ತು, ಮುಟ್ಟಿತ್ತು, ಅದರ ಮೇಲೆ ಕಾಲೂರಲು ಜಾಗ ಕಾಣದೆ ವಾಪಸ್ ಬಂದಿತ್ತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸ್ಕು ಎಂದರೆ ನುಣುಪಾದ ಒಂದು ತಟ್ಟೆ. ಅದರ ಮೇಲೆ ಏನನ್ನಾದರೂ ಬರೆಯುವ ಮುಂಚೆ ಇಲ್ಲಿಂದ ಇಲ್ಲಿಯವರೆಗೆ ಒಂದು ಮನೆ, ಅಲ್ಲಿಂದ ಇನ್ನೊಂದು ಎಂದು ಗೆರೆ ಎಳೆದು ಹಸನು ಮಾಡಬೇಕು. ಅದೇ ಫಾರ್ಮ್ಯಾಟ್. ಪಿಸಿಯ ಡಿಸ್ಕುಗಳಿಗೆ ಈ ಗೆರೆಗಳನ್ನು ತಯಾರಿಸುವಲ್ಲೇ ಎಳೆದು ಕಳಿಸುತ್ತಾರೆ, ಹಾಗಾಗಿ ನನ್ನಂಥ ಪಿಸಿ ಪಂಡಿತನಿಗೆ ಅದರ ಗೊಡವೆಯೇ ಇರಲಿಲ್ಲ. ಮೇನ್‌ಫ್ರೇಮ್ ಡಿಸ್ಕಿಗೆ ನಾವೇ ಎಳೆಯಬೇಕು. ಗೆರೆ ಇರುವ ಡಿಸ್ಕುಗಳನ್ನು ಮಾತ್ರ ಆ ಪಟ್ಟಿ ತೋರಿಸುತ್ತಿತ್ತು, ಬೋಳು ಡಿಸ್ಕು ಅದರ ಲೆಕ್ಕಕ್ಕೇ ಇಲ್ಲ.

"ಆದ್ರ ಆ ಡಿಸ್ಕಿನ ಮ್ಯಾಲ ಮೊದ್ಲು ಪಗಾರ ಇತ್ತಲ್ರಿ ಬಾಯಾರ, ಗೆರಿ ಇರ್ಲೇಬೇಕಲ್ಲ?"

ಸುಮಿತ್ರಾಬಾಯಿ ಹಣೆ ಹಿಡಿದುಕೊಂಡರು. ದೊಡ್ಡ ಕಚೇರಿಯವರು ಹೇಳಿದ್ದು ಹಳೆಯ ಲೆಕ್ಕ ಅಳಿಸಿಡಿ ಎಂದಷ್ಟೇ. ಇವರು ಇಂಜಿನಿಯರನ ಬೆನ್ನು ಹತ್ತಿ, ಹೊಸಬರಿಗೆ ಕೊಡುವಾಗ ಎಂಜಲು ತಟ್ಟೆ ಕೊಡಬಾರದೆಂದು, ಹಳೆಯ ಡಿಸ್ಕನ್ನು ಬುಡಸಮೇತ ತೆಗೆಸಿ ಹೊಸದಾಗಿಯೇ ಕಟ್ಟಿಸಿದ್ದರು. ಹಳೆಯದರ ಜೊತೆ ಅದರ ಗೆರೆಗಳೂ ಹೋಗಿದ್ದವು, ಹೊಸದಕ್ಕೆ ಯಾರೂ ಎಳೆದೇ ಇರಲಿಲ್ಲ.

"ನಾನೇ ತಿಕ್ಕಿ ತಿಕ್ಕಿ ತೊಳದೀನ್ರೀ" ಎಂದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ಖಾಜಾಭಾಯಿಯೂ ಊದುವ ಯಂತ್ರ ಕೆಳಗಿಟ್ಟು ನಕ್ಕರು. ವಾಡಿಯಲ್ಲಿ ಒಂದು ವಸ್ತು ಅತಿಯಾಗಿ ಚೊಕ್ಕಟವಾಗಿದೆ ಎಂಬ ಕಾರಣಕ್ಕೆ ನಿಂತುಹೋದದ್ದು ಅದೇ ಮೊದಲಿರಬೇಕು, ಅದೇ ಕೊನೆಯದೂ ಇರಬೇಕು.

ನನಗೆ ಮಾತ್ರ ಅಪ್ಪನೇ ಬಂದು ಎದುರಿಗೆ ಕೂತ ಹಾಗಾಯಿತು. ನಾನು ಕಂಡದ್ದು ಗಾಳಿಯ ಬಣ್ಣದಂತೆ ಎಂದೂ ಇಲ್ಲದ ಇಲ್ಲ ಎಂದುಕೊಂಡಿದ್ದೆ. ಇದು ಮಡಕೆ ಆಗುವ ಮುಂಚಿನ ಇಲ್ಲ. ಆಗಬೇಕಾದದ್ದು ಇನ್ನೂ ಆಗದೆ ಕಾಯುತ್ತಿರುವ ಇಲ್ಲ. ಈ ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಇದೆ ಎಂದು ಅಪ್ಪ ಹೇಳುತ್ತಿದ್ದಾಗ ನಾನು ಗೋಡೆಯ ಹಲ್ಲಿಯನ್ನು ನೋಡುತ್ತ ಕೂತಿರುತ್ತಿದ್ದೆ. ಕುಂಬಾರ ಕೈಯಿಟ್ಟ ಗಳಿಗೆಯಲ್ಲಿ ಅದು ಮುಗಿಯುತ್ತದಂತೆ. ಎಷ್ಟು ದೊಡ್ಡ ಮಾತು ಅದು! ಅಪ್ಪ ಆಗಲೇ ತೀರಿಕೊಂಡಿದ್ದರು, ಹೇಳಲು ಯಾರೂ ಇರಲಿಲ್ಲ. ಖಾಜಾಭಾಯಿಗೆ ಹೇಳಿದೆ. "ಬರೋಬ್ಬರಿ ಅದರಿ" ಎಂದು ಅವರು ಉದಾರವಾಗಿ ಒಪ್ಪಿಕೊಂಡರು.

ಇನ್ನು ಗೆರೆ ಎಳೆಯುವುದು. ಒಂದೇ ಸಾಲಿನ ಆಜ್ಞೆ, ಅದರಲ್ಲಿ ಡಿಸ್ಕಿನ ನಂಬರು. ಹೋಲಿಸಲು ತೋರಿಸಿದ ಪಗಾರದ ಡಿಸ್ಕು ಇನ್ನೂ ಪಕ್ಕದಲ್ಲೇ ಇತ್ತು, ಅದರಲ್ಲಿ ಪಗಾರದ ಕೆಲಸ ನಡೆದಿದ್ದರಿಂದ ಅದನ್ನು ಲಿನಕ್ಸಿನಿಂದ ಕಳಚುವ ಧೈರ್ಯ ನನಗಾಗಲಿಲ್ಲ. ಎರಡರ ನಂಬರಿಗೂ ಕೊನೆಯ ಒಂದು ಅಂಕಿಯ ವ್ಯತ್ಯಾಸ. ತಪ್ಪಿದರೆ ಇಡೀ ಕಾರ್ಖಾನೆಯ ಪಗಾರ ಬೋಳು ತಟ್ಟೆಯಾಗುತ್ತದೆ. ಸುಮಿತ್ರಾಬಾಯಿ ನನ್ನ ಕೈ ಹಿಡಿದು ನಿಲ್ಲಿಸಿದರು. "ರೇಲ್ವೇದೋರ್ ಮಾಡಿದಂಗ ಮಾಡೂಣು" ಎಂದರು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬಿಡುವ ಮುನ್ನ ಒಬ್ಬ ಫೋನಿನಲ್ಲಿ ನಂಬರು ಹೇಳುತ್ತಾನೆ, ಆ ಕಡೆಯವನು ಅದನ್ನೇ ತಿರುಗಿ ಹೇಳುತ್ತಾನೆ, ಎರಡೂ ಕೂಡಿದ ಮೇಲೆಯೇ ಗಾಡಿ ಮುಂದಕ್ಕೆ. ಅವರ ಮನೆಯಲ್ಲಿ ಹಾಲಿನವನ ಜೊತೆಯೂ ಹೀಗೆಯೇ ಮಾತು.

ಅವರು ಒಂದೊಂದೇ ಅಂಕಿ ಹೇಳಿದರು. ನಾನು ಒತ್ತಿ, ಗಟ್ಟಿಯಾಗಿ ತಿರುಗಿ ಹೇಳಿದೆ. ಆಮೇಲೆ ನಾನು ಪರದೆಯಿಂದ ಓದಿದೆ, ಅವರು ತಿರುಗಿ ಹೇಳಿದರು. ಈ ಡಿಸ್ಕಿನ ಮೇಲಿರುವುದೆಲ್ಲ ಹೋಗುತ್ತದೆ, ನಿಜವಾಗಿಯೂ ಮಾಡಲೇ ಎಂದು ಮಷೀನ್ ಕೇಳಿತು.

"ಹಾಂ ಅನ್ರಿ" ಎಂದರು ಸುಮಿತ್ರಾಬಾಯಿ. ನಾನು ಹಾಂ ಅಂದೆ.

ಮಷೀನ್ ಗೆರೆ ಎಳೆಯತೊಡಗಿತು. ತಟ್ಟೆಯ ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು, ಅದು ಮುಗಿದರೆ ಮತ್ತೊಂದು. ಎಷ್ಟು ಮುಗಿಯಿತು ಎಂದು ಪರದೆಯ ಮೇಲೆ ಅಂಕಿ ಏರುತ್ತಿತ್ತು. ಮೂವರೂ ಅದನ್ನೇ ನೋಡುತ್ತ ಕೂತಿದ್ದೆವು. "ನಮ್ಮಪ್ಪ ಫರಸಿ ಕಡ್ಯಾಕ ಮೊದ್ಲು ಸುಣ್ಣದ ದಾರ ಹೊಡೀತಿದ್ದ. ಹಂಗೇ ಅದ ನೋಡ್ರಿ" ಎಂದು ಸುಮಿತ್ರಾಬಾಯಿ ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ರಾವೂರ ಕಡೆಯ ಗಣಿಯಲ್ಲಿ ಸೈರನ್ ಕೂಗಿತು. ಮಧ್ಯಾಹ್ನ ಕಲ್ಲು ಸಿಡಿಸುವ ಹೊತ್ತು, ಮೂವರೂ ಮರೆತಿದ್ದೆವು. ಧಡ್ ಎಂದಿತು. ಕಿಟಕಿಯ ಗಾಜುಗಳು ಕಟಕಟ ಅಂದವು, ಕಾಲಡಿಯ ನೆಲ ಅಲುಗಿತು. ಸುಮಿತ್ರಾಬಾಯಿ ಎದ್ದು ಹೋಗಿ ಎರಡೂ ಕೈಗಳಿಂದ ಆ ಡಿಸ್ಕಿನ ಪೆಟ್ಟಿಗೆಯನ್ನು ಹಿಡಿದುಕೊಂಡರು. ಹಿಡಿದರೆ ಏನೂ ಉಪಯೋಗವಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಹಿಡಿದರು, ಅಂಕಿ ಏರುತ್ತಲೇ ಹೋಯಿತು.

ನಾನು ಬೆರಗಾಗಿ ಕೂತೆ. ಹೊರಗೆ ಗುಡ್ಡ ಒಡೆಯುವ ಸದ್ದು. ಒಳಗೆ ಏನೂ ಇಲ್ಲದ ಒಂದು ತಟ್ಟೆಯ ಮೇಲೆ, ಯಾರ ಕಣ್ಣಿಗೂ ಕಾಣದ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು. ಬರಹ ಇನ್ನೂ ಬಂದಿಲ್ಲ, ಬರುವುದಕ್ಕೆ ಜಾಗ ಆಗುತ್ತಿದೆ. ಜಗತ್ತು ಹುಟ್ಟುವ ಮುಂಚೆಯೂ ಹೀಗೇ ಯಾರೋ ಕೂತು ಗೆರೆ ಎಳೆದಿರಬೇಕು ಅನ್ನಿಸಿತು. ನನ್ನಂಥ ಹರಟೆಮಲ್ಲ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದನ್ನು ಕಂಡು ಖಾಜಾಭಾಯಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು.

ಅದು ಮುಗಿದ ಮೇಲೆ ಲಿನಕ್ಸ್ ಮತ್ತೆ ಎಬ್ಬಿಸಿದೆ. ಈ ಸಲ ಪಟ್ಟಿಯಲ್ಲಿ ನಮ್ಮ ಡಿಸ್ಕು ತನ್ನ ಪೂರಾ ಅಳತೆಯ ಸಮೇತ ನಿಂತಿತ್ತು. "ಬಂತ್ರೀ!" ಎಂದು ಸುಮಿತ್ರಾಬಾಯಿ ಕೂಗಿದ ಕೂಗಿಗೆ ಪಕ್ಕದ ಟೈಮ್ ಆಫೀಸಿನವರೂ ಎದ್ದು ಬಂದರು.

ಸಾಹೇಬರು ಮರುದಿನ ಬಂದರು. ಆ ಹೊತ್ತಿಗೆ ಲಿನಕ್ಸ್ ಡಿಸ್ಕಿನ ಮೇಲೆ ಕೂತಾಗಿತ್ತು, ಕೊನೆಯ ಒಂದೆರಡು ಪ್ರಶ್ನೆಗಳು ಉಳಿದಿದ್ದವು. ಸಾಹೇಬರು ಬಂದು ಬೆನ್ನ ಹಿಂದೆ ನಿಂತರು. ನಾನು ಕುರ್ಚಿ ಬಿಟ್ಟು ಎದ್ದು ಸುಮಿತ್ರಾಬಾಯಿಯವರನ್ನು ಕೂರಿಸಿದೆ. ಈ ಮಷೀನನ್ನು ಬಳಸುವವರ ಹೆಸರೇನು ಎಂದು ಅದು ಕೇಳುತ್ತಿತ್ತು. ಹಳೆಯ ವ್ಯವಸ್ಥೆಗೆ ಆ ಕುರ್ಚಿಯಲ್ಲಿ ಯಾರು ಕೂತರೂ ಒಂದೇ ಹೆಸರು, ಆಪರೇಟರ್. ಇಷ್ಟು ವರ್ಷ ಅದನ್ನು ಸಾಕಿದ ಹೆಣ್ಣಿನ ಹೆಸರು ಅದಕ್ಕೆ ಗೊತ್ತೇ ಇರಲಿಲ್ಲ.

"ಏನ್ ಹೊಡೀಲ್ರಿ?" ಎಂದರು ನನ್ನ ಕಡೆ ತಿರುಗಿ.

"ನಿಮ್ಮ ಹೆಸರು ಹೊಡೀರಿ ಬಾಯಾರ."

ಆಲಿಕಲ್ಲು ಬಿದ್ದ ಹಾಗೆ ಟೈಪ್ ಮಾಡುತ್ತಿದ್ದವರು ಆ ದಿನ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದರು. ಮಷೀನ್ ಒಪ್ಪಿಕೊಂಡಿತು. ಆ ಡಿಸ್ಕಿನ ಮೇಲೆ ಮೊದಲು ಬರೆದ ಹೆಸರು ಅದು.

"ಚಲೇಗಾ?" ನಡೆಯುತ್ತದೆಯೇ ಎಂದು ಕೇಳಿದರು ಸಾಹೇಬರು.

"ಚಲ್ ರಹಾ ಹೈ ಸಾಬ್." ಆಗಲೇ ನಡೆಯುತ್ತಿದೆ ಎಂದೆ ನಾನು.

ಸಾಹೇಬರು ಬಗ್ಗಿ ಪರದೆಯ ಮೇಲಿನ ಹೆಸರನ್ನು ಓದಿದರು. ಗುಜರಿಯವನಿಗೆ ಬರಬೇಡ ಎಂದು ಹೇಳಿಬಿಡಿ ಎಂದು ನನಗೆ ಹೇಳಿ ಬಾಗಿಲ ಕಡೆ ಹೊರಟರು. ಸುಮಿತ್ರಾಬಾಯಿ ಕುರ್ಚಿಯಿಂದ ಎದ್ದು ನಿಂತರು.

"ಔರ್ ಮೈಂ, ಸಾಬ್?" ಮತ್ತೆ ನನ್ನ ಗತಿಯೇನು ಎಂದು ಕೇಳಿದರು.

"ಆಪ್ ಕಹಾಂ ಜಾಯೇಂಗೀ?" ಎಂದರು ಸಾಹೇಬರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಇಸ್ ಕೋ ಕೌನ್ ಸಂಭಾಲೇಗಾ?" ನೀವೆಲ್ಲಿಗೆ ಹೋಗುತ್ತೀರಿ, ಇದನ್ನು ನೋಡಿಕೊಳ್ಳುವವರು ಯಾರು ಎಂದು.

ಅವರು ಹೋದ ಮೇಲೆ ಸುಮಿತ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ಕೂತು ಮಷೀನಿನಿಂದ ಹೊರಗೆ ಬಂದರು. ತಮ್ಮ ಹೆಸರು ಹೊಡೆದು ಒಳಗೆ ಹೋದರು. ಮತ್ತೆ ಹೊರಗೆ ಬಂದರು, ಮತ್ತೆ ಹೆಸರು ಹೊಡೆದರು.

"ಏನ್ ಮಾಡಾಕತ್ತೀರಿ ಬಾಯಾರ?"

"ಸುಮ್ನ ಕುಂದ್ರಿ ಆಚಾರ್ರ. ಗುರ್ತ ಹಿಡೀತದೋ ಇಲ್ಲೋ ನೋಡಾಕತ್ತೀನಿ."

ನಾನು ಪಕ್ಕದ ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ಪ್ರತಿ ಸಲವೂ ಅದು ಗುರುತು ಹಿಡಿಯಿತು.